ಪರವಾಗಿ ಹೇಳುವವರು

ಜನವರಿ 11

ಚಿ. ಮಗಳಿಗೆ ಅಪ್ಪನ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದು ಶುರು ಮಾಡುವುದು ವಾಡಿಕೆ. ಕ್ಷೇಮವಿಲ್ಲದ ಕಾರಣಕ್ಕೇ ಬರೆಯುತ್ತಿರುವುದರಿಂದ ಆ ಸಾಲನ್ನು ಬಿಟ್ಟಿದ್ದೇನೆ. ‘ಎಲ್ಲರೂ’ ಎನ್ನುವುದಕ್ಕೆ ಈ ಮನೆಯಲ್ಲಿ ನಾನೊಬ್ಬನೇ ಇರುವುದು, ಅದು ಬೇರೆ ಮಾತು. ನಾಲ್ಕು ಸಲ ಫೋನು ಮಾಡಿದೆ, ನೀನು ಎತ್ತಲಿಲ್ಲ. ಇನ್ನು ಸ್ವಲ್ಪ ದಿನಕ್ಕೆ ನಾನು ಫೋನಿನಲ್ಲಿ ಮಾತಾಡುವ ಸ್ಥಿತಿಯಲ್ಲೂ ಇರುವುದಿಲ್ಲ, ಆದ್ದರಿಂದ ಈಗಿನಿಂದಲೇ ಕಾಗದ ರೂಢಿಯಾಗಲಿ.

ನಾಲಿಗೆಯ ಎಡ ಅಂಚಿನಲ್ಲಿ ಹುಣ್ಣಾಗಿತ್ತು. ಹಲ್ಲು ತಾಗಿ ಆಗಿದೆ ಎಂದುಕೊಂಡು ಮೂರು ತಿಂಗಳು ಸುಮ್ಮನಿದ್ದೆ. ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿ ಕೆಲಸ ಮಾಡಿದವನು ಹೀಗೆ ಮಾಡಬಹುದೇ ಎಂದು ಚಿಕ್ಕ ಡಾಕ್ಟರು ಬೈದರು. ಚಿಕ್ಕ ಡಾಕ್ಟರು ಅಂದರೆ ನಮ್ಮ ದೊಡ್ಡ ಡಾಕ್ಟರ ಶಿಷ್ಯ. ಈಗ ನೋವು ವಿಭಾಗಕ್ಕೆ ಅವರೇ ಮುಖ್ಯಸ್ಥರು. ತಲೆ ಪೂರ್ತಿ ನರೆತಿದೆ, ಹೆಸರು ಮಾತ್ರ ಹಾಗೇ ಉಳಿದಿದೆ. ತುಂಡು ತೆಗೆದು ಪರೀಕ್ಷೆ ಮಾಡಿಸಿದರು. ಕ್ಯಾನ್ಸರ್. ಅರ್ಧ ನಾಲಿಗೆ ತೆಗೆಯಬೇಕಂತೆ. ಮಾರ್ಚ್ ಹದಿನೆಂಟಕ್ಕೆ ದಿನ ಗೊತ್ತಾಗಿದೆ.

ಆಪರೇಷನ್ನಿಗೆ ಹೆದರುವವನು ನಾನಲ್ಲ. ತೊಡಕು ಇರುವುದು ಆಮೇಲಿನ ಎರಡು ದಿನದಲ್ಲಿ. ನನ್ನ ಶ್ವಾಸಕೋಶ ಚೆನ್ನಾಗಿಲ್ಲ. ನೋವಿಗೆ ಕೊಡುವ ದೊಡ್ಡ ಇಂಜೆಕ್ಷನ್ ಉಸಿರನ್ನು ತಗ್ಗಿಸುತ್ತದೆ, ನನ್ನಂಥವನಿಗೆ ಅದನ್ನು ಕೈ ಬಿಗಿಹಿಡಿದು ಕೊಡಬೇಕು. ಹಾಗಾಗಿ ಜೊತೆಗೆ ನಮ್ಮ ಯಂತ್ರ. ಮಣಿಕಟ್ಟಿನ ಒಳಭಾಗ, ಹೆಬ್ಬೆರಳು ತೋರುಬೆರಳಿನ ನಡುವಿನ ಜಾಗ, ಮೊಣಕಾಲಿನ ಕೆಳಗೆ ನಾಲ್ಕು ಬೆರಳು ಬಿಟ್ಟು ಒಂದು ಬಿಂದು, ಇಷ್ಟು ಕಡೆ ಅಂಟುಪಟ್ಟಿ ಹಚ್ಚಿ ಸಣ್ಣಗೆ ಕರೆಂಟು ಬಿಡುವುದು. ನಿನಗೆ ಇದನ್ನೆಲ್ಲ ಹೊಸದಾಗಿ ಹೇಳಬೇಕಾಗಿಲ್ಲ. ಎಷ್ಟು ಸಾವಿರ ಜನರಿಗೆ ಹಚ್ಚಿದ ಕೈ ಇದು. ಈಗ ಈ ಕೈಗೆ ಇನ್ನೊಬ್ಬರು ಹಚ್ಚುತ್ತಾರೆ.

ನಾಲ್ಕು ಗಂಟೆಗೊಮ್ಮೆ ಸಿಸ್ಟರು ಬಂದು ನೋವು ಎಷ್ಟು, ಸೊನ್ನೆಯಿಂದ ಹತ್ತರೊಳಗೆ ಹೇಳಿ ಎಂದು ಕೇಳುತ್ತಾರೆ. ಐದು ದಾಟಿದರೆ ಇಂಜೆಕ್ಷನ್, ದಾಟದಿದ್ದರೆ ಯಂತ್ರ ಮಾತ್ರ. ನನ್ನ ಬಾಯಿ ಊದಿರುತ್ತದೆ, ಗಂಟಲಲ್ಲಿ ಕೊಳವೆ ಇರುತ್ತದೆ. ಬೆರಳೆತ್ತಿ ತೋರಿಸಬಹುದು, ಆದರೆ ಮಂಪರಿನಲ್ಲಿರುವವನ ಬೆರಳನ್ನು ನಿಂತು ಎಣಿಸುವಷ್ಟು ಪುರುಸೊತ್ತು ಮೂವತ್ತು ಹಾಸಿಗೆ ನೋಡುವವರಿಗೆ ಎಲ್ಲಿರುತ್ತದೆ? ಅದಕ್ಕೇ ಫಾರಂನಲ್ಲಿ ‘ರೋಗಿಯ ಪರವಾಗಿ ಹೇಳುವವರು’ ಎಂದು ಒಂದು ಸಾಲಿದೆ. ಮನೆಯವರೇ ಆಗಬೇಕು. ನಿನ್ನ ಅಮ್ಮ ಹೋಗಿ ಎಂಟು ವರ್ಷವಾಯಿತು. ಆ ಸಾಲಿನಲ್ಲಿ ನಿನ್ನ ಹೆಸರು ಬರೆದಿದ್ದೇನೆ. ಎರಡು ದಿನದ ಮಟ್ಟಿಗೆ ಬಾ. ಪಕ್ಕದಲ್ಲಿ ಕೂತು, ನನ್ನ ಬೆರಳು ನೋಡಿ, ಅಂಕಿ ಹೇಳಿದರೆ ಸಾಕು.

ಇಂತಿ,
ನಿನ್ನ ಅಪ್ಪ


ಫೆಬ್ರವರಿ 2

ಅಪ್ಪನಿಗೆ,

ನಿಮ್ಮ ಕಾಗದ ಬಂದು ಹದಿನೈದು ದಿನವಾಯಿತು. ಕೆಲಸದ ಒತ್ತಡ ಎಂದು ಸುಳ್ಳು ಹೇಳುವುದಿಲ್ಲ. ಉತ್ತರ ಬರೆಯುವ ಮನಸ್ಸಿರಲಿಲ್ಲ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ನಾನು ಈಗಲೂ ಅದೇ ತೂಕ ಮತ್ತು ಅಳತೆಯ ಇಲಾಖೆಯಲ್ಲಿದ್ದೇನೆ. ಅಂಗಡಿ ಅಂಗಡಿಗೆ ಹೋಗಿ, ಅವರ ತಕ್ಕಡಿಯ ಮೇಲೆ ನಮ್ಮ ತೂಕದ ಬಟ್ಟು ಇಟ್ಟು ನೋಡುತ್ತೇನೆ. ಸರಿಯಿದ್ದರೆ ಮುದ್ರೆ ಒತ್ತುತ್ತೇನೆ, ಇಲ್ಲದಿದ್ದರೆ ತಕ್ಕಡಿಯನ್ನು ಜೀಪಿನಲ್ಲಿ ಹಾಕಿಸಿಕೊಂಡು ಬರುತ್ತೇನೆ. ಎರಡು ಕೋಣೆಯ ಮನೆ, ಒಬ್ಬಳೇ. ಬೇಕಾದವರು ಬರುತ್ತಾರೆ, ಬೇಡವಾದವರಿಗೆ ವಿಳಾಸ ಕೊಟ್ಟಿಲ್ಲ. ನಿಮಗೆ ಹೇಗೆ ಸಿಕ್ಕಿತು ಎಂದು ಯೋಚಿಸುತ್ತಿದ್ದೇನೆ.

ನಿಮ್ಮ ನಾಲಿಗೆಯ ಸುದ್ದಿ ಓದಿ ಅಯ್ಯೋ ಪಾಪ ಅನ್ನಿಸಿತು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಹೇಳಿಕೊಂಡಿದ್ದರೆ ಎಷ್ಟು ಅನ್ನಿಸುತ್ತಿತ್ತೋ ಅಷ್ಟು.

ನಾನು ಬರಬೇಕಾದರೆ ಒಂದು ಷರತ್ತಿದೆ. ಇಪ್ಪತ್ತು ವರ್ಷದ ಹಿಂದೆ, ಅದೇ ಆಸ್ಪತ್ರೆಯಲ್ಲಿ, ಹೊಟ್ಟೆಯ ಗಡ್ಡೆ ತೆಗೆಸಿಕೊಂಡು ಮಲಗಿದ್ದ ನನ್ನ ಹತ್ತಿರ ನೀವು ಬಂದು ನೋವು ಎಷ್ಟು ಎಂದು ಕೇಳಿದಿರಿ. ನಾನು ಒಂದು ಅಂಕಿ ಹೇಳಿದೆ. ನೀವು ಮೂರು ಎಂದು ಬರೆದುಕೊಂಡಿರಿ. ನಾನು ಹೇಳಿದ ಅಂಕಿ ಯಾವುದು ಎಂದು ನಿಮ್ಮ ಕೈಯಾರೆ ಬರೆದು ಕಳಿಸಿ. ಕ್ಷಮೆ ಬೇಡ, ಕಾರಣವೂ ಬೇಡ. ಅದು ಬಂದ ದಿನ ನಾನು ರಜೆ ಹಾಕುತ್ತೇನೆ.

ಮಗಳು


ಫೆಬ್ರವರಿ 9

ಚಿ. ಮಗಳಿಗೆ,

ನಿನ್ನ ವಿಳಾಸ ನಿನ್ನ ಅಮ್ಮನ ಪುಸ್ತಕದಲ್ಲಿತ್ತು. ನಿನ್ನ ಕಾಗದ ಓದಿ ಸಂತೋಷವಾಯಿತು. ಸಂತೋಷಪಡುವಂಥದ್ದು ಅದರಲ್ಲಿ ಏನೂ ಇರಲಿಲ್ಲ, ಅಕ್ಷರ ನೋಡಿ ಆಯಿತು. ಚಿಕ್ಕವಳಿದ್ದಾಗ ‘ನೀನು’ ಎನ್ನುತ್ತಿದ್ದವಳು ಈಗ ‘ನೀವು’ ಎಂದು ಬರೆದಿದ್ದೀಯ. ಇರಲಿ, ನಿವೃತ್ತಿಯಾದ ಮೇಲೆ ಮರ್ಯಾದೆ ಕೊಡುವವರು ಕಡಿಮೆಯಾಗಿದ್ದಾರೆ, ಸಿಕ್ಕಿದ್ದನ್ನು ಇಟ್ಟುಕೊಳ್ಳುತ್ತೇನೆ.

ಆಸ್ಪತ್ರೆಯಲ್ಲಿ ಈಗಲೂ ನನ್ನನ್ನು ಬಿಂದು ಮೇಷ್ಟ್ರು ಅಂತಲೇ ಕರೆಯುತ್ತಾರೆ. ಮೊನ್ನೆ ರಕ್ತ ಪರೀಕ್ಷೆಗೆ ಹೋಗಿದ್ದಾಗ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಅಂಟುಪಟ್ಟಿಯನ್ನು ಮೂಳೆಯ ಮೇಲೆ ಹಚ್ಚುತ್ತಿದ್ದಳು. ಸರದಿ ಬಿಟ್ಟು ಎದ್ದುಹೋಗಿ ತೋರಿಸಿಕೊಟ್ಟೆ. ಎರಡು ಸ್ನಾಯುರಜ್ಜುಗಳ ನಡುವೆ ಬೆರಳಿಟ್ಟರೆ ತಾನಾಗಿ ಒಂದು ತಗ್ಗು ಸಿಗುತ್ತದೆ, ಅದೇ ಜಾಗ. ಕರೆಂಟು ಬಿಟ್ಟಾಗ ಹೆಬ್ಬೆರಳು ಸಣ್ಣಗೆ ಅದುರಬೇಕು, ಅದುರಿದರೆ ಸರಿಯಾದ ಕಡೆ ಬಿದ್ದಿದೆ ಎಂದು ಅರ್ಥ. ಇದನ್ನು ಪುಸ್ತಕದಲ್ಲಿ ಓದಿದವರಿಗೆ ಕೈ ಕೂರುವುದಿಲ್ಲ. ನನಗೆ ಕಣ್ಣುಮುಚ್ಚಿದರೂ ಸಿಗುತ್ತದೆ.

ಅಂಕಿಯ ವಿಷಯ ಕೇಳಿದ್ದೀಯ. ನೋಡು, ಜನ ಹೇಳುವ ಅಂಕಿಯನ್ನು ಹೇಳಿದ ಹಾಗೇ ತೆಗೆದುಕೊಂಡರೆ ಆಸ್ಪತ್ರೆ ನಡೆಯುವುದಿಲ್ಲ. ಒಬ್ಬ ಲಾರಿ ಡ್ರೈವರು ಉಗುರು ತೆಗೆಸಿಕೊಂಡು ಹತ್ತು ಎಂದ. ಎದೆ ಸೀಳಿಸಿಕೊಂಡ ಮುದುಕಿ ಎರಡು ಎಂದಳು. ಅನುಭವಸ್ಥನಾದವನು ಮುಖ ನೋಡಿ, ಸ್ವಲ್ಪ ಅಂದಾಜು ಹಾಕಿ, ಸರಿಮಾಡಿಕೊಳ್ಳಬೇಕಾಗುತ್ತದೆ. ನೀನು ಆಗ ಹತ್ತೊಂಬತ್ತರ ಹುಡುಗಿ. ಮುಳ್ಳು ಚುಚ್ಚಿದರೂ ಅತ್ತು ಊರು ಒಂದು ಮಾಡುತ್ತಿದ್ದವಳು. ಅವತ್ತು ಏನು ಹೇಳಿದೆಯೋ ನನಗೆ ಸರಿಯಾಗಿ ನೆನಪಿಲ್ಲ. ಇಪ್ಪತ್ತು ವರ್ಷದ ಹಿಂದಿನ ಒಂದು ಅಂಕಿಯನ್ನು ಹಿಡಿದುಕೊಂಡು ಇವತ್ತು ಅಪ್ಪನನ್ನು ಪರೀಕ್ಷೆಗೆ ಕೂರಿಸುವುದು ಚೆಂದವೇ?

ಬರುವಾಗ ದಪ್ಪ ಹೊದಿಕೆ ತಂದುಕೋ. ವಾರ್ಡಿನಲ್ಲಿ ಜೊತೆಗಿರುವವರಿಗೆ ಕುರ್ಚಿ ಮಾತ್ರ ಕೊಡುತ್ತಾರೆ.

ಇಂತಿ,
ಅಪ್ಪ


ಫೆಬ್ರವರಿ 20

ಅಪ್ಪನಿಗೆ,

ಹೇಳಿದ ಹಾಗೇ ತೆಗೆದುಕೊಂಡರೆ ನಡೆಯುವುದಿಲ್ಲ, ಅಂದಾಜು ಹಾಕಿ ಸರಿಮಾಡಿಕೊಳ್ಳಬೇಕು ಎಂದು ಬರೆದಿದ್ದೀರಿ. ನಾನು ತಕ್ಕಡಿ ಎತ್ತಿಸಿಕೊಂಡು ಬರುವ ಅಂಗಡಿಯವರೂ ಇದನ್ನೇ ಹೇಳುತ್ತಾರೆ. ಅವರೂ ಅನುಭವಸ್ಥರು.

ನಿಮಗೆ ನೆನಪಿಲ್ಲವೆಂದರೆ ನಾನು ನೆನಪು ಮಾಡಿಕೊಡುತ್ತೇನೆ. ಕಿಟಕಿಯ ಪಕ್ಕದ ಮಂಚ, ತಲೆಯ ಕಡೆ ಹಸಿರು ಬಣ್ಣ ಬಳಿದ ಕಬ್ಬಿಣದ ಸರಳುಗಳು. ಆಪರೇಷನ್ ಮುಗಿದು ಎಚ್ಚರವಾದಾಗ ಹೊಟ್ಟೆಯೊಳಗೆ ಯಾರೋ ಕೈ ಹಾಕಿ ಇನ್ನೂ ಹುಡುಕುತ್ತಲೇ ಇದ್ದ ಹಾಗಿತ್ತು. ಕೈಗೆ, ಕಾಲಿಗೆ ನಿಮ್ಮ ಅಂಟುಪಟ್ಟಿ. ಪಕ್ಕದಲ್ಲಿ ಪೆಟ್ಟಿಗೆ, ಅದರ ದೀಪ ಮಿನುಗುತ್ತಿತ್ತು. ಆಚೆ ಮಂಚದಲ್ಲಿ ಹೊಲಿಗೆ ಕೆಲಸದ ಹೆಂಗಸೊಬ್ಬಳು ನನ್ನಂಥದೇ ಆಪರೇಷನ್ ಮಾಡಿಸಿಕೊಂಡಿದ್ದಳು. ಮಣಿಕಟ್ಟು ಜುಮುಜುಮು ಅನ್ನುತ್ತದೆ, ಆಮೇಲೆ ನೋವು ದೂರ ಹೋದ ಹಾಗಾಗುತ್ತದೆ ಎಂದಳು. ಅವಳು ನಿದ್ದೆಯನ್ನೂ ಮಾಡಿದಳು. ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಅವಳಿಗೆ ಅದು ಒಳ್ಳೆಯದನ್ನೇ ಮಾಡಿತು. ನನ್ನ ಮಣಿಕಟ್ಟು ಮಾತ್ರ ಸುಮ್ಮನಿತ್ತು.

ಅಂಕಿ ಕೇಳುವ ಸಿಸ್ಟರು ರಜೆಯಲ್ಲಿದ್ದರು. ಸ್ವಂತ ಮಗಳನ್ನು ನೀವು ಕೇಳಬಾರದು ಎಂದು ದೊಡ್ಡ ಡಾಕ್ಟರು ಹೇಳಿದ್ದರಂತೆ, ಅದನ್ನು ಅಮ್ಮ ಹೇಳಿ ಗೊತ್ತು. ಆದರೂ ನೀವೇ ಹಲಗೆಗೆ ಹಾಳೆ ಸಿಕ್ಕಿಸಿಕೊಂಡು ಬಂದಿರಿ. ಎಷ್ಟು ಎಂದಿರಿ. ಹೇಳಿದೆ. ನೀವು ಹಾಳೆಯ ಮೇಲೆ ಪೆನ್ನು ಇಡದೆ ನನ್ನ ಮುಖ ನೋಡಿದಿರಿ.

“ಸರಿಯಾಗಿ ಯೋಚ್ನೆ ಮಾಡಿ ಹೇಳು.”

“ಅಪ್ಪಾ, ನಂಗೆ ಆಗ್ತಿಲ್ಲ. ಇಂಜೆಕ್ಷನ್ ಕೊಡ್ಸು. ನನ್ನ ಕೈಗೆ ಏನೂ ಬರ್ತಾನೇ ಇಲ್ಲ.”

“ಕೆಲವ್ರಿಗೆ ಗೊತ್ತಾಗಲ್ಲ. ಒಳಗೊಳಗೇ ಕೆಲ್ಸ ಮಾಡುತ್ತೆ.”

ಆಮೇಲೆ ಮೂರು ಎಂದು ಬರೆದಿರಿ. ನಾನು ಮಲಗಿದ್ದಲ್ಲಿಂದ ಹಾಳೆ ಕಾಣುತ್ತಿತ್ತು. ಎರಡು ದಿನದಲ್ಲಿ ಹನ್ನೆರಡು ಸಲ ಬಂದಿರಿ, ಹನ್ನೆರಡು ಸಲ ಹೇಳಿದೆ. ಕೆಲವು ಕಡೆ ಮೂರರ ಬದಲು ಎರಡು ಬರೆದಿರಿ, ಎಲ್ಲ ಒಂದೇ ಇದ್ದರೆ ನೋಡಿದವರಿಗೆ ಅನುಮಾನ ಬರುತ್ತದಲ್ಲ. ಸರಳು ಹಿಡಿದು ಹಿಡಿದು ನನ್ನ ಅಂಗೈಗೆ ಹಸಿರು ಬಣ್ಣ ಅಂಟಿಕೊಂಡಿತ್ತು. ಅಮ್ಮ ಬಾಗಿಲಲ್ಲಿ ನಿಂತು ಮಗು ಅಳುತ್ತಿದೆ ಎಂದಳು. ಅಳುವುದಕ್ಕೆ ಪಟ್ಟಿಯಲ್ಲಿ ಜಾಗವಿಲ್ಲ ಎಂದು ನೀವು ನಗುತ್ತಲೇ ಹೇಳಿದಿರಿ. ಮೂರನೆಯ ದಿನ ಬೆಳಿಗ್ಗೆ ದೊಡ್ಡ ಡಾಕ್ಟರು ಬಂದು ನಿಮ್ಮ ಬೆನ್ನು ತಟ್ಟಿದರು. ಇನ್ನೂರು ಜನರ ಮೇಲೆ ನೋಡಬೇಕಿತ್ತು, ನಾನು ಇನ್ನೂರನೆಯವಳು. ನನಗೆ ಇಂಜೆಕ್ಷನ್ ಬೇಕಾಗಿದ್ದರೆ ನಿಮ್ಮ ಯಂತ್ರಕ್ಕೆ ಕಪ್ಪು ಚುಕ್ಕೆಯಾಗುತ್ತಿತ್ತು ಎಂದು ಆಗ ಅರ್ಥವಾಯಿತು.

ಈಗ ನೆನಪಾಯಿತೇ? ನಾನು ಹೇಳಿದ ಅಂಕಿ ಎಷ್ಟು?

ಮಗಳು


ಫೆಬ್ರವರಿ 27

ಮಗಳೇ,

ಊಟ ಈಗ ತೆಳ್ಳಗಿನದು ಮಾತ್ರ. ಬಿಸಿ ತಾಗಿದರೆ ಪ್ರಾಣ ಹೋಗುತ್ತದೆ. ಮಾತು ತೊದಲುತ್ತದೆ, ಹಾಲಿನವನು ಎರಡು ಸಲ ಕೇಳುತ್ತಾನೆ. ಇದನ್ನು ಮರುಕ ಹುಟ್ಟಿಸಲು ಬರೆಯುತ್ತಿಲ್ಲ. ಹುಟ್ಟಿದರೆ ಬೇಡವೆನ್ನುವುದಿಲ್ಲ.

ನಿನಗೆ ಹೇಳಬಾರದು ಎಂದುಕೊಂಡಿದ್ದ ಒಂದು ವಿಷಯವಿದೆ. ಈಗ ಹೇಳಿಬಿಡುವುದೇ ಒಳ್ಳೆಯದು. ಆ ಇನ್ನೂರು ಜನರಲ್ಲಿ ಅರ್ಧದಷ್ಟು ಜನರಿಗೆ ಮಾತ್ರ ಕರೆಂಟು ಹೋಗುತ್ತಿತ್ತು. ಉಳಿದವರಿಗೂ ಅಂಟುಪಟ್ಟಿ ಹಚ್ಚುತ್ತಿದ್ದೆವು, ದೀಪವೂ ಮಿನುಗುತ್ತಿತ್ತು, ಆದರೆ ಪೆಟ್ಟಿಗೆಯೊಳಗೆ ತಂತಿ ಕತ್ತರಿಸಿರುತ್ತಿದ್ದರು. ಹಾಗೆ ಹೋಲಿಸಿ ನೋಡಿದರೆ ತಾನೇ ಯಂತ್ರದಿಂದ ಎಷ್ಟು ಉಪಯೋಗ ಎಂದು ಗೊತ್ತಾಗುವುದು. ಅದು ಮೋಸವಲ್ಲ. ಹೀಗೂ ಆಗಬಹುದು ಎಂದು ತಿಳಿಸಿಯೇ ಎಲ್ಲರಿಂದ ಸಹಿ ತೆಗೆದುಕೊಂಡಿದ್ದೆವು, ನೀನೂ ಹಾಕಿದ್ದೆ. ಸತ್ತ ಪೆಟ್ಟಿಗೆ ಸಿಕ್ಕವರಿಗೆ ನೋವಾಗುತ್ತದೆ, ಅಂಕಿ ಐದು ದಾಟುತ್ತದೆ, ಇಂಜೆಕ್ಷನ್ ಸಿಗುತ್ತದೆ, ಯಾರಿಗೂ ಅನ್ಯಾಯವಿಲ್ಲ. ಆಗ ಬೆರಳು ಅದುರುವಷ್ಟು ಕರೆಂಟು ಬಿಡುತ್ತಿರಲಿಲ್ಲ, ಹಾಗಾಗಿ ಯಾವ ಪೆಟ್ಟಿಗೆ ಸತ್ತದ್ದು ಎಂದು ಹಚ್ಚುವ ನನಗೂ ಗೊತ್ತಿರುತ್ತಿರಲಿಲ್ಲ. ಪೆಟ್ಟಿಗೆಗೆ ನಂಬರು ಮಾತ್ರ, ವಿವರದ ಲಕೋಟೆಗಳೆಲ್ಲ ದೊಡ್ಡ ಡಾಕ್ಟರ ಬೀರುವಿನಲ್ಲಿ. ಎಲ್ಲ ಮುಗಿದ ಮೇಲೆ ಎಲ್ಲರೆದುರು ಒಡೆದರು.

ನಿನ್ನದು ಸತ್ತ ಪೆಟ್ಟಿಗೆ.

ಆದ್ದರಿಂದ ನಿನ್ನ ವಿಷಯದಲ್ಲಿ ಯಂತ್ರ ಸೋಲಲಿಲ್ಲ, ಅದು ಓಡಿರಲೇ ಇಲ್ಲ. ಇದು ಗೊತ್ತಾದರೆ ನಿನ್ನ ಮನಸ್ಸಿಗೆ ಸ್ವಲ್ಪ ಸಮಾಧಾನವಾದೀತು ಎಂದು ಬರೆದೆ.

ಅವತ್ತು ಮನೆಗೆ ಬಂದು ನಿನ್ನ ಅಮ್ಮನಿಗೂ ಇದನ್ನೇ ಹೇಳಿದೆ. ಅವಳು ಕೇಳಿಸಿಕೊಂಡು ಒಳಗೆ ಹೋದಳು. ಆಮೇಲೂ ಬಡಿಸುತ್ತಿದ್ದಳು, ಮಾತಾಡುತ್ತಿದ್ದಳು, ಎಲ್ಲ ಮೊದಲಿನ ಹಾಗೇ ಇತ್ತು. ಆದರೆ ತನಗೆ ಮೈ ಸರಿಯಿಲ್ಲ ಎಂದು ಅಲ್ಲಿಂದಾಚೆ ನನ್ನ ಹತ್ತಿರ ಒಂದು ದಿನವೂ ಹೇಳಲಿಲ್ಲ. ತಲೆನೋವು ಎಂದು ಕೂಡ ಹೇಳಲಿಲ್ಲ. ಅವಳ ಕಾಯಿಲೆ ನನಗೆ ಗೊತ್ತಾಗಿದ್ದು ಕೊನೆಯ ತಿಂಗಳಲ್ಲಿ, ಅದೂ ಬಟ್ಟೆ ಸಡಿಲವಾಗಿದ್ದನ್ನು ನೋಡಿ.

ನಿನಗೆ ಬೇಕಾಗಿದ್ದು ಒಪ್ಪಿಗೆ ತಾನೇ? ಇಷ್ಟೆಲ್ಲ ಬರೆದಿದ್ದೇನೆ. ಇದರಲ್ಲಿ ಎಲ್ಲ ಬಂತು.

ಅಪ್ಪ


ಮಾರ್ಚ್ 6

ಅಪ್ಪನಿಗೆ,

ಎಲ್ಲ ಬರಲಿಲ್ಲ. ಅಂಕಿ ಬರಲಿಲ್ಲ.

ನಿಮ್ಮ ಕಾಗದವನ್ನು ಆಫೀಸಿನಲ್ಲಿ, ಬಟ್ಟುಗಳನ್ನು ಒರೆಸಿಡುವ ಮೇಜಿನ ಮೇಲೆ ಇಟ್ಟುಕೊಂಡು ಮೂರು ಸಲ ಓದಿದೆ. ಮೂರನೆಯ ಸಲ ನಗು ಬಂತು. ಯಂತ್ರ ಗೆಲ್ಲಲಿ ಎಂದು ನೀವು ಸುಳ್ಳು ಬರೆದಿರಿ. ನಾನೋ ಸತ್ತ ಪೆಟ್ಟಿಗೆಯವಳು. ಸತ್ತ ಪೆಟ್ಟಿಗೆಯಿಂದಲೂ ನೋವು ಮೂರಕ್ಕೆ ಇಳಿಯಿತು ಎಂದು ನಿಮ್ಮ ಕೈಬರಹದ ಹಾಳೆಯೇ ಸಾಕ್ಷಿ ಹೇಳಿತು. ನಾನು ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದರೆ ನನಗೆ ಇಂಜೆಕ್ಷನ್ನೂ ಸಿಗುತ್ತಿತ್ತು, ನಿಮ್ಮ ಯಂತ್ರ ಇನ್ನೂ ಚೆನ್ನಾಗಿ ಗೆಲ್ಲುತ್ತಿತ್ತು. ಲಕೋಟೆ ಒಡೆದ ದಿನ ನಿಮ್ಮ ಹೊಟ್ಟೆ ಉರಿದಿರಬೇಕು. ಉರಿದದ್ದು ನನಗಾಗಿ ಅಲ್ಲ ಎಂದು ನನಗೆ ಚೆನ್ನಾಗಿ ಗೊತ್ತು.

ಅಮ್ಮನ ಕಾಯಿಲೆ ನನಗೆ ಮೊದಲಿನಿಂದ ಗೊತ್ತಿತ್ತು. ದಿನಾ ಹೇಳುತ್ತಿದ್ದಳು. ನಿಮಗೆ ಹೇಳಬೇಡ ಎಂದೂ ಹೇಳಿದ್ದಳು. ‘ಅವರಿಗೆ ಹೇಳಿದ್ರೆ ಕಮ್ಮಿ ಮಾಡ್ಬಿಡ್ತಾರೆ ಕಣೇ’ ಎಂದಳು.

ಇನ್ನು ಹನ್ನೆರಡು ದಿನ ಉಳಿದಿದೆ.

ಮಗಳು


ಮಾರ್ಚ್ 11

ಒಂಬತ್ತು.

ಹನ್ನೆರಡು ಸಲವೂ ಒಂಬತ್ತು. ಐದನೆಯ ಸಲ ಹತ್ತು ಎಂದು ಹೇಳಿ, ಆಮೇಲೆ ಇಲ್ಲ ಅಪ್ಪಾ ಒಂಬತ್ತೇ, ಹತ್ತಕ್ಕೆ ಇನ್ನೂ ಸ್ವಲ್ಪ ಇದೆ ಎಂದೆ. ನೀನು ಸುಳ್ಳು ಹೇಳುವ ಹುಡುಗಿಯಾಗಿರಲಿಲ್ಲ.

ನನಗೆ ತುಂಬಾ ಹೆದರಿಕೆಯಾಗುತ್ತಿದೆ. ಬಾ.

ಅಪ್ಪ


ಏಪ್ರಿಲ್ 22

ಚಿ. ಮಗಳಿಗೆ ಅಪ್ಪನ ಆಶೀರ್ವಾದ.

ಗಂಟಲಿನ ಕೊಳವೆ ತೆಗೆದಿದ್ದಾರೆ. ಮೂಗಿನ ಕೊಳವೆಯಲ್ಲಿ ಗಂಜಿ ನಡೆಯುತ್ತಿದೆ. ಮಾತು ಇನ್ನು ಬರುವುದಿಲ್ಲ ಎಂದೇ ತಿಳಿದುಕೋ, ಗೊರಗೊರ ಸದ್ದು ಬರುತ್ತದೆ. ಸ್ಲೇಟು ಕೊಂಡಿದ್ದೇನೆ. ಹಾಲಿನವನಿಗೆ ಓದಲು ಬರುವುದಿಲ್ಲ, ಹಾಗಾಗಿ ನಮ್ಮಿಬ್ಬರ ನಡುವೆ ಈಗ ಜಗಳವೇ ಇಲ್ಲ.

ನೀನು ಎರಡು ದಿನ ಕುರ್ಚಿ ಬಿಟ್ಟು ಏಳಲಿಲ್ಲ ಎಂದು ಸಿಸ್ಟರು ಹೊಗಳಿದರು. ಮೂರನೆಯ ದಿನ ನಾನು ಕಣ್ಣುಬಿಡುವ ಹೊತ್ತಿಗೆ ನೀನು ಹೊರಟುಹೋಗಿದ್ದೆ. ಹೇಳಿ ಹೋಗಬಹುದಿತ್ತು.

ಈಗ ಒಂದು ಸಣ್ಣ ಕೆಲಸ ಆಗಬೇಕು. ಶ್ವಾಸಕೋಶ ಸರಿಯಿಲ್ಲದವರಿಗೆ ಯಂತ್ರ ಹೇಗೆ ಹಿಡಿಯುತ್ತದೆ ಎಂದು ಚಿಕ್ಕ ಡಾಕ್ಟರು ಬರೆಯುತ್ತಿದ್ದಾರೆ. ಅಂಥವರು ಸಿಕ್ಕಿರುವುದೇ ಎಂಟು ಜನ. ಅದರಲ್ಲಿ ನನ್ನ ಹಾಳೆ ಅತಿ ಕೆಟ್ಟದ್ದು. ಹನ್ನೊಂದು ಕಡೆ ಒಂಬತ್ತು, ಒಂದು ಕಡೆ ಏಳು. ಅವರು ಮುಖ ಸಣ್ಣ ಮಾಡಿಕೊಂಡರು. ಬಿಂದು ಮೇಷ್ಟ್ರಿಗೇ ಯಂತ್ರ ಹಿಡಿಯಲಿಲ್ಲ ಎಂದು ವಿಭಾಗದಲ್ಲಿ ತಮಾಷೆ ಮಾಡುತ್ತಿದ್ದಾರಂತೆ. ಮೂವತ್ತೊಂದು ವರ್ಷ ಅದನ್ನೇ ನಂಬಿಕೊಂಡು ಬದುಕಿದವನಿಗೆ ಇದು ಆಪರೇಷನ್ನಿಗಿಂತ ಹೆಚ್ಚು ಚುಚ್ಚುತ್ತದೆ.

ನಿಜ ಹೇಳಬೇಕೆಂದರೆ ನನಗೆ ಅಷ್ಟೇನೂ ನೋವಿರಲಿಲ್ಲ. ಮೂರು, ಹೆಚ್ಚೆಂದರೆ ಮೂರು. ಯಂತ್ರ ಚೆನ್ನಾಗಿಯೇ ಹಿಡಿಯಿತು, ಇಂಜೆಕ್ಷನ್ ಇಲ್ಲದೆಯೂ ನಡೆಯುತ್ತಿತ್ತು. ಮಂಪರಿನಲ್ಲಿರುವಾಗ ಬೆರಳುಗಳು ತಾವಾಗಿ ಎದ್ದುಬಿಡುತ್ತವೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ನಿನಗೆ ಇದರ ಅನುಭವವಿಲ್ಲ, ನಿನ್ನ ತಪ್ಪೇನಿಲ್ಲ. ಹಾಳೆಯನ್ನು ತಿದ್ದುವ ಹಕ್ಕು ಪರವಾಗಿ ಹೇಳಿದವರಿಗೆ ಮಾತ್ರ ಇರುವುದು. ನಾನು ಬೆರಳನ್ನು ಸರಿಯಾಗಿ ಓದಲಿಲ್ಲ, ಮೂರು ಎಂದು ಮಾಡಿಕೊಳ್ಳಿ ಎಂದು ಚಿಕ್ಕ ಡಾಕ್ಟರಿಗೆ ನಾಲ್ಕು ಸಾಲು ಬರೆದುಬಿಡು. ನಿನ್ನದೇನೂ ಹೋಗುವುದಿಲ್ಲ.

ಇನ್ನು ನಿನ್ನ ಅಂಕಿ. ಅವತ್ತು ನೀನು ಬರಲೇಬೇಕಿತ್ತು, ಅದಕ್ಕೆ ಒಂಬತ್ತು ಎಂದು ಬರೆದೆ. ಹಟ ಹಿಡಿದ ಮಗುವಿಗೆ ಕೇಳಿದ್ದು ಕೊಟ್ಟ ಹಾಗೆ. ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ. ನೀನು ಹೇಳಿದ್ದು ಮೂರೋ ನಾಲ್ಕೋ ಇರಬೇಕು. ನಾನು ಬರೆದದ್ದೇ ಸರಿ.

ತೆಗೆದ ತುಂಡಿನ ಅಂಚಿನಲ್ಲಿ ಕಾಯಿಲೆ ಉಳಿದಿದೆಯಂತೆ. ಕೆಳದವಡೆಯ ಒಂದು ಭಾಗವನ್ನು ತೆಗೆಯುತ್ತಾರೆ. ಹೋದ ಸಲಕ್ಕಿಂತ ದೊಡ್ಡದು. ಮೇ ಹದಿನಾಲ್ಕಕ್ಕೆ ಆಪರೇಷನ್, ಹನ್ನೊಂದಕ್ಕೇ ಸೇರಿಕೊಳ್ಳಬೇಕು. ಫಾರಂನಲ್ಲಿ ನಿನ್ನ ಹೆಸರೇ ಇದೆ. ಬರುತ್ತೀಯಲ್ಲ.

ಇಂತಿ,
ನಿನ್ನ ಅಪ್ಪ


ಮೇ 12

ಅಪ್ಪನಿಗೆ,

ನೀವು ಕೇಳಿದ ಹಾಗೆಯೇ ಮಾಡಿದ್ದೇನೆ. ನಾಲ್ಕು ಸಾಲು ಬರೆದರೆ ನಂಬುತ್ತಾರೋ ಇಲ್ಲವೋ ಎಂದು, ಹೋದ ವಾರ ರಜೆ ಹಾಕಿ ನಾನೇ ಹೋಗಿ ಬಂದೆ.

ಅದಕ್ಕೂ ಮೊದಲು ಮಾರ್ಚಿನ ಆ ಎರಡು ದಿನದ ಮಾತು. ಮೊದಲನೆಯ ಬೆಳಿಗ್ಗೆ ಸಿಸ್ಟರು ಬಂದು ಕೇಳಿದಾಗ ನೀವು ಒಂಬತ್ತು ಬೆರಳು ಎತ್ತಿದಿರಿ. ಎಣಿಕೆ ತಪ್ಪುವ ಹಾಗಿರಲಿಲ್ಲ. ಸಿಸ್ಟರು ಹಾಳೆಯ ಮೇಲೆ ಪೆನ್ನಿಟ್ಟು ನನ್ನ ಕಡೆ ನೋಡಿದರು. ನಾನು ತಕ್ಷಣ ಹೇಳಲಿಲ್ಲ. ಬೇಕೆಂದೇ ಸುಮ್ಮನಿದ್ದೆ. ನೀವು ನನ್ನ ಬಾಯಿಯನ್ನೇ ನೋಡುತ್ತಿದ್ದಿರಿ. ನಾನು ಏನು ಹೇಳಬಹುದು ಎಂದು ನಿಮಗೆ ಗೊತ್ತಿತ್ತು, ಅದು ನಿಮ್ಮ ಕಣ್ಣಿನಲ್ಲಿ ಕಾಣಿಸಿತು. ಮಕ್ಕಳು ಹೆದರಿದಾಗ ನೋಡುತ್ತಾರಲ್ಲ, ಹಾಗೆ ನೋಡಿದಿರಿ. ಒಂಬತ್ತು ಎಂದೆ. ಇಂಜೆಕ್ಷನ್ ಬಂತು. ಪಕ್ಕದಲ್ಲೇ ನಿಂತು ಉಸಿರು ನೋಡುತ್ತಾ ಸ್ವಲ್ಪಸ್ವಲ್ಪವೇ ಕೊಟ್ಟರು. ಹತ್ತು ನಿಮಿಷದಲ್ಲಿ ನಿಮ್ಮ ಹುಬ್ಬು ಸಡಿಲವಾಯಿತು. ಒಂಬತ್ತು ಎಂದು ಹೇಳುವುದು ಎಷ್ಟು ಸುಲಭ ಎಂದು ನನಗೆ ಅವತ್ತೇ ಗೊತ್ತಾಯಿತು. ನೀವು ಅದನ್ನು ಯಾಕೆ ಮಾಡಲಿಲ್ಲ ಎನ್ನುವುದು ಅದಕ್ಕಿಂತ ಮೊದಲು ಅಷ್ಟು ಕಷ್ಟದ ಪ್ರಶ್ನೆಯಾಗಿರಲಿಲ್ಲ.

ಊರಿಗೆ ಬಂದ ಮೇಲೆ ನಾನು ನೆಮ್ಮದಿಯಾಗಿದ್ದೆ. ನಿಮ್ಮ ಕೈಬರಹದ ಒಂಬತ್ತು ನನ್ನ ಬ್ಯಾಗಿನಲ್ಲಿತ್ತು. ಅಂಗಡಿಯಿಂದ ಅಂಗಡಿಗೆ ಹೋಗುವಾಗ ಜೀಪಿನಲ್ಲಿ ತೆಗೆದು ನೋಡುತ್ತಿದ್ದೆ. ಎರಡನೆಯ ಆಪರೇಷನ್ ಇದೆಯೆಂದು ಸಿಸ್ಟರು ಆಗಲೇ ಫೋನಿನಲ್ಲಿ ಹೇಳಿದ್ದರು. ಬರುತ್ತೇನೆ ಎಂದು ಹೇಳಿಯೂ ಇದ್ದೆ. ನೀವು ಸುಮ್ಮನಿದ್ದಿದ್ದರೆ ಸಾಕಾಗಿತ್ತು ಅಪ್ಪ.

ಚಿಕ್ಕ ಡಾಕ್ಟರಿಗೆ ನಿಮ್ಮ ಏಪ್ರಿಲ್ ತಿಂಗಳ ಕಾಗದ ಕೊಟ್ಟೆ. ನಿಂತೇ ಓದಿದರು. ಮುಖ ಅರಳಿತು. ಹಾಳೆ ತರಿಸಿದರು. ಹನ್ನೊಂದು ಒಂಬತ್ತುಗಳನ್ನೂ ಆ ಒಂದು ಏಳನ್ನೂ ಹೊಡೆದುಹಾಕಿ ಮೂರು ಎಂದು ಬರೆದೆ. ಪ್ರತಿಯೊಂದರ ಪಕ್ಕದಲ್ಲಿ ಸಹಿ ಹಾಕಿಸಿಕೊಂಡರು.

“ಮೇಷ್ಟ್ರಿಗೆ ಯಂತ್ರ ಇಷ್ಟು ಚೆನ್ನಾಗಿ ಹಿಡಿಯುತ್ತೆ ಅಂತ ಗೊತ್ತಿದ್ರೆ ಹೋದ ಸಲಾನೇ ಇಂಜೆಕ್ಷನ್ ಕೊಡ್ತಿರ್ಲಿಲ್ಲ. ಅವ್ರ ಶ್ವಾಸಕೋಶಕ್ಕೆ ಅದು ಅಪಾಯ. ಈ ಸಲ ಬರೆಯೋದೇ ಬೇಡ” ಎಂದರು.

ಯಂತ್ರ, ಅದರ ಜೊತೆ ಜ್ವರಕ್ಕೆ ಕೊಡುವಂಥ ಸಾಧಾರಣ ಔಷಧ, ಅಷ್ಟೇ ಬರೆದರು. ಸಿಸ್ಟರಿಗೆ ಮಾತ್ರ ಸಮಾಧಾನವಾಗಲಿಲ್ಲ. ಮೇಷ್ಟ್ರು ಮತ್ತೆ ಒಂಬತ್ತು ಬೆರಳು ತೋರಿಸಿದರೆ ಏನು ಮಾಡಲಿ ಎಂದು ನನ್ನನ್ನು ಕೇಳಿದರು. ನೀವು ಬರೆದ ಸಾಲನ್ನೇ ಬೆರಳಿಟ್ಟು ತೋರಿಸಿದೆ. ಮಂಪರಿನಲ್ಲಿ ಬೆರಳುಗಳು ತಾವಾಗಿ ಏಳುತ್ತವೆ, ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಮೂವತ್ತೊಂದು ವರ್ಷದ ಅನುಭವಸ್ಥರು ಬರೆದದ್ದು. ಅವರು ಎರಡು ಸಲ ಓದಿ ತಲೆಯಾಡಿಸಿದರು. ನಿಮ್ಮ ಕಾಗದವನ್ನು ಫೈಲಿನ ಮೊದಲ ಹಾಳೆಯಾಗಿ ಪಿನ್ನು ಮಾಡಿದ್ದಾರೆ. ಫಾರಂನಲ್ಲಿ ನನ್ನ ಹೆಸರಿದ್ದ ಸಾಲನ್ನು ಹೊಡೆದು ‘ಅಗತ್ಯವಿಲ್ಲ’ ಎಂದು ಬರೆಯಿಸಿ ಬಂದೆ.

ನೀವು ನಿನ್ನೆಯೇ ವಾರ್ಡಿಗೆ ಸೇರಿರುತ್ತೀರಿ. ಈ ಕಾಗದವನ್ನು ಮನೆಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಹಾಗಾಗಿ ನೀವು ಇದನ್ನು ಓದುವ ಹೊತ್ತಿಗೆ ಎರಡು ದಿನ, ಹನ್ನೆರಡು ಸಲ, ಎಲ್ಲ ಮುಗಿದಿರುತ್ತದೆ. ಎಷ್ಟಿತ್ತು ಎಂದು ನಿಮಗೆ ಗೊತ್ತಿರುತ್ತದೆ. ನನಗೆ ಬರೆದು ತಿಳಿಸಬೇಕೆಂದು ಅನ್ನಿಸಬಹುದು, ಬರೆಯಿರಿ. ನಾನು ನಂಬುವುದಿಲ್ಲ.

ಇಂತಿ,
ನಿಮ್ಮ ಮಗಳು